ಅಮ್ಮನ ಮಂಡಿನೋವು

ಮುಷ್ಕರ ಶುರುವಾದ ಮೇಲೆ ನಮ್ಮ ಬೀದಿಯಲ್ಲಿ ಯಾರು ಯಾರಿಗೆ ಎದುರಾದರೂ ಕೇಳುತ್ತಿದ್ದದ್ದು ಒಂದೇ ಮಾತು: “ಅಜ್ಜಿ ಹೇಗಿದ್ದಾಳೆ?” ಅಜ್ಜಿ ಎಂದರೆ ಯಾರ ಮನೆಯ ಅಜ್ಜಿಯೂ ಅಲ್ಲ, ನಮ್ಮ ಬಾಟಲಿ ಕಾರ್ಖಾನೆಯ ಕುಲುಮೆ. ನಾನು ಕೆಲಸಕ್ಕೆ ಸೇರುವುದಕ್ಕೆ ಎಷ್ಟೋ ವರ್ಷ ಮೊದಲು ಹೊತ್ತಿಸಿದ್ದು, ಆಮೇಲೆ ಒಂದು ಗಳಿಗೆಯೂ ಆರಿದ್ದಿಲ್ಲ. ಆರಿಸುವ ಹಾಗೂ ಇಲ್ಲ. ಕಾವು ಒಂದು ಮಟ್ಟಕ್ಕಿಂತ ಕೆಳಗಿಳಿದರೆ ಒಳಗೆ ಕರಗಿ ನಿಂತ ಗಾಜೆಲ್ಲ ಹೆಪ್ಪುಗಟ್ಟಿ, ಇಟ್ಟಿಗೆ ಸೀಳಿ, ಅಲ್ಲಿಗೆ ಅವಳ ಕಥೆ ಮುಗಿಯಿತು. ಹೊಸದು ಕಟ್ಟುವ ತಾಕತ್ತು ನಮ್ಮ ಯಜಮಾನರಿಗಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಅಜ್ಜಿ ಹೋದರೆ ಕಾರ್ಖಾನೆ ಹೋಯಿತು, ಕಾರ್ಖಾನೆ ಹೋದರೆ ನಮ್ಮ ಬೀದಿಗೆ ಬೀದಿಯೇ ಗಂಟುಮೂಟೆ ಕಟ್ಟಬೇಕು.

ಅವಳ ಕಾವು ನೋಡುವುದು ನನ್ನ ಕೆಲಸ. ಕಂಟ್ರೋಲ್ ರೂಮಿನ ಗೋಡೆಯಲ್ಲಿ ಊಟದ ತಟ್ಟೆಯಷ್ಟು ಅಗಲದ ಮೀಟರ್ ಇದೆ. ಅದರಲ್ಲಿ ಹಸಿರು, ಹಳದಿ, ಕೆಂಪು ಪಟ್ಟಿಗಳು, ಒಂದು ಕರಿ ಮುಳ್ಳು. ಕಾವು ಇಳಿದಂತೆಲ್ಲ ಮುಳ್ಳು ಹಸಿರಿನಿಂದ ಕೆಂಪಿನ ಕಡೆಗೆ ಜಾರುತ್ತದೆ. ಮುಷ್ಕರವಾದರೇನು, ಕುಲುಮೆ ಕಾಯುವ ನಾಲ್ಕು ಜನರನ್ನು ಒಳಗೆ ಬಿಡಬೇಕೆಂದು ಎರಡೂ ಕಡೆಯವರು ಮೊದಲ ದಿನವೇ ಒಪ್ಪಿದ್ದರು. ಹಾಗಾಗಿ ನನ್ನ ಕುತ್ತಿಗೆಯಲ್ಲಿ ಎರಡು ಪಾಸು. ಕಂಪನಿಯ ಪಾಸಿಗೆ ಸಹಿ ಹಾಕಿದ್ದು ನನ್ನ ಅಣ್ಣ, ಅವನು ಕಾರ್ಖಾನೆಯ ಮ್ಯಾನೇಜರ್. ಸಂಘದ ಪಾಸಿಗೆ ಸಹಿ ಹಾಕಿದ್ದು ನನ್ನ ಗಂಡ, ಅವನು ಕಾರ್ಮಿಕ ಸಂಘದ ಕಾರ್ಯದರ್ಶಿ. ನನ್ನ ಹಣೆಬರಹ, ಇನ್ನೇನು ಹೇಳಲಿ.

ಜಗಳ ಶುರುವಾದದ್ದು ತಂಪಿನ ಹೊತ್ತಿಗಾಗಿ. ಕುಲುಮೆಯ ಬಾಯಲ್ಲಿ ಕೆಲಸ ಮಾಡುವವರು ನಡುನಡುವೆ ಹೊರಗೆ ಹೋಗಿ ಮರದ ಕೆಳಗೆ ಕೂತು ಮೈ ಆರಿಸಿಕೊಂಡು ಬರುತ್ತಾರೆ, ಅದಕ್ಕೆ ನಾವು ತಂಪಿನ ಹೊತ್ತು ಎನ್ನುತ್ತೇವೆ. ದೂರದೂರಲ್ಲಿ ಕೂತ ಯಜಮಾನರು ಅದನ್ನು ಅರ್ಧಕ್ಕೆ ಇಳಿಸಿದರು. ಅಣ್ಣ ಆ ಆದೇಶವನ್ನು ಗೋಡೆಗೆ ಅಂಟಿಸಿದ. ನನ್ನ ಗಂಡ ಅದನ್ನು ಕಿತ್ತು, ಮಡಚಿ, ಗಾಳಿ ಬೀಸಿಕೊಂಡ. ಅಲ್ಲಿಂದ ಶುರು. ಇಬ್ಬರೂ ನಮ್ಮಪ್ಪನ ಕೈಕೆಳಗೆ ಒಟ್ಟಿಗೇ ಕೆಲಸ ಕಲಿತವರು, ಒಬ್ಬರನ್ನೊಬ್ಬರು “ಭಾವ” ಎಂದೇ ಕರೆಯುತ್ತಿದ್ದವರು. ಮುಷ್ಕರದ ಮಾರನೇ ದಿನದಿಂದ ಇವನ ಬಾಯಲ್ಲಿ ಅವನು “ಮ್ಯಾನೇಜರ್ರು”, ಅವನ ಬಾಯಲ್ಲಿ ಇವನು “ಕಾರ್ಯದರ್ಶಿಗಳು.” ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು.

ಇರುವುದೂ ಒಂದೇ ಮನೆಯಲ್ಲಿ. ಕೆಳಗೆ ನಾನು, ಗಂಡ, ಅಮ್ಮ. ಮೇಲೆ ಅಣ್ಣ ಒಬ್ಬನೇ. ಅವನು ಮದುವೆಯಾಗಲಿಲ್ಲ, ಕಾರ್ಖಾನೆಗೆ ಹೊಟ್ಟೆಕಿಚ್ಚಾಗುತ್ತದೆ ಎಂದು ನಾವು ಗೇಲಿ ಮಾಡುತ್ತಿದ್ದೆವು. ಮೊದಲೆಲ್ಲ ಊಟಕ್ಕೆ ಕೆಳಗಿಳಿದು ಬರುತ್ತಿದ್ದವನು ಮುಷ್ಕರ ಶುರುವಾದ ಮೇಲೆ ಹೊರಗಿನ ಮೆಟ್ಟಿಲಿಂದ ನೇರ ಆಫೀಸಿಗೆ ಹೋಗಿಬರುತ್ತಿದ್ದ, ನಮ್ಮ ಹೊಸಿಲು ತುಳಿಯಲಿಲ್ಲ. ಅಮ್ಮ ಬುತ್ತಿ ಹಿಡಿದು ಮೇಲಕ್ಕೆ ಹೋಗತೊಡಗಿದಳು. ಹೋಗುವಾಗ ಊಟ, ಬರುವಾಗ ಮಾತು. ಆ ಮಾತನ್ನು ಇದ್ದ ಹಾಗೆ ತಂದವಳಲ್ಲ. ಅಣ್ಣ “ಆ ಪುಂಡನಿಗೆ ಸ್ವಲ್ಪವೂ ಬುದ್ಧಿಯಿಲ್ಲ” ಎಂದಿದ್ದರೆ, ಕೆಳಗೆ ಬರುವಷ್ಟರಲ್ಲಿ ಅದು “ಅಳಿಯಂದ್ರು ಸೊರಗಿದ್ದಾರಂತೆ, ಕೇಳ್ತಿದ್ದ” ಎಂದಾಗಿರುತ್ತಿತ್ತು. ನನ್ನ ಗಂಡ ಅದನ್ನು ನಂಬುತ್ತಿರಲಿಲ್ಲ, ಆದರೂ ಕೇಳಿಸಿಕೊಳ್ಳುತ್ತಿದ್ದ. ಒಮ್ಮೆ ನಾನು ಕೆಲಸ ಮುಗಿಸಿ ಬಂದ ಕೂಡಲೇ ಗಂಡ ಒಳಗಿಂದ, ಅಣ್ಣ ಮೇಲಿಂದ, ಇಬ್ಬರೂ ಒಟ್ಟಿಗೇ ಅಜ್ಜಿ ಹೇಗಿದ್ದಾಳೆ ಎಂದು ಕೂಗಿದರು. ಅಮ್ಮ ಪಾತ್ರೆ ತೊಳೆಯುತ್ತ, “ಆ ಅಜ್ಜೀನ ಎಲ್ರೂ ವಿಚಾರಿಸ್ತೀರಪ್ಪ, ಈ ಅಜ್ಜೀನ ಯಾರೂ ವಿಚಾರಿಸೋರಿಲ್ಲ” ಎಂದಳು. ನಾವು ನಕ್ಕೆವು.

ಕುಲುಮೆಗೆ ಬೇಕಾದ್ದು ಎಣ್ಣೆ. ಸಂಘದವರು ಗೇಟಿನಲ್ಲಿ ಅಡ್ಡ ಕೂತಿದ್ದರಿಂದ ಎಣ್ಣೆಯ ಟ್ಯಾಂಕರ್ ಒಳಗೆ ಬರುವಂತಿರಲಿಲ್ಲ. ಹಿತ್ತಿಲಿನ ದೊಡ್ಡ ತೊಟ್ಟಿಯಲ್ಲಿದ್ದ ಎಣ್ಣೆ ಇಳಿಯುತ್ತ ಹೋಯಿತು. ತೊಟ್ಟಿ ತಳ ಕಂಡ ದಿನ ಮ್ಯಾನೇಜರ್ರು ಓಡಿ ಬರ್ತಾರೆ, ಬಿಡು ಎಂದು ನನ್ನ ಗಂಡ. ತಳ ಕಂಡ ದಿನ ಇವರೇ ಗೇಟು ತೆಗೀತಾರೆ, ಅವರ ಅನ್ನವೂ ಅದರಲ್ಲೇ ಬೇಯೋದು ಎಂದು ಅಣ್ಣ. ಇಬ್ಬರ ಮಾತೂ ಸರಿಯೇ. ಇಬ್ಬರಿಗೂ ಒಳಗೊಳಗೇ ಪುಕುಪುಕು ಶುರುವಾಗಿತ್ತು, ನನ್ನ ಕಣ್ಣಿಗೆ ಕಾಣುತ್ತಿತ್ತು. ಇನ್ನು ಸ್ವಲ್ಪ ದಿನ, ಇಬ್ಬರಲ್ಲಿ ಒಬ್ಬ ಕೆಮ್ಮುತ್ತಾನೆ, ಇನ್ನೊಬ್ಬ ನೀರು ಕೊಡುತ್ತಾನೆ, ಆ ನೆಪದಲ್ಲಿ ಮಾತು ಶುರುವಾಗುತ್ತದೆ ಎಂದುಕೊಂಡಿದ್ದೆ.

ಅಷ್ಟರಲ್ಲಿ ಬಂದರು ನಮ್ಮ ಹಣ್ಣು ಸಾಹೇಬರು.

ಅವರು ಹೊರಗಿನವರು, ಇಂಥ ಜಗಳಗಳನ್ನು ಬಿಡಿಸುವುದೇ ಅವರ ಉದ್ಯೋಗ. ತೆಳ್ಳಗಿನ ಮನುಷ್ಯ, ಮೆಲುದನಿ, ಕಂಕುಳಲ್ಲಿ ಸದಾ ಒಂದು ಚರ್ಮದ ಚೀಲ. ಯಾರೇ ಏನೇ ಕೇಳಲಿ, ಕಾಲ ಇನ್ನೂ ಹಣ್ಣಾಗಿಲ್ಲ, ಹಣ್ಣಾಗದೆ ಕಿತ್ತರೆ ಎರಡೂ ಕಡೆಯವರಿಗೆ ಕಹಿ ಎನ್ನುತ್ತಿದ್ದರು. ಗೇಟಿನಲ್ಲಿದ್ದ ಹುಡುಗಾಟದವರು ಹೆಸರಿಟ್ಟೇಬಿಟ್ಟರು. ನನಗೆ ಮಾತ್ರ ನಗು ಬರಲಿಲ್ಲ. ಹಣ್ಣಾಗುವವರೆಗೆ ಕಾಯುವುದಕ್ಕೆ ಇವರು ಬರಬೇಕಿತ್ತೇ, ಸುಮ್ಮನೆ ಕಾಯುವುದು ನಮಗೂ ಬರುತ್ತಿತ್ತಲ್ಲ ಎಂದು ಮನಸ್ಸಿನಲ್ಲೇ ಬೈದುಕೊಂಡೆ.

ಅವರು ಮೊದಲು ಅಣ್ಣನ ಹತ್ತಿರ ಹೋಗಿ, ಸಂಘದವರು ಬಂದರೆ ಮೇಜಿಗೆ ಕೂರುತ್ತೀರಾ ಎಂದು ಕೇಳಿದರು. ಅಣ್ಣ “ನೋಡೋಣ” ಎಂದ. ಆಮೇಲೆ ಗೇಟಿನ ಟೆಂಟಿಗೆ ಬಂದು ನನ್ನ ಗಂಡನನ್ನು ಕೇಳಿದರು. ಅವನೂ “ನೋಡೋಣ” ಎಂದ. ಸಾಹೇಬರ ಮುಖ ಅರಳಿತು. ಎರಡೂ ಕಡೆಯವರಿಗೆ ಮನಸ್ಸಿದೆ ಎಂದು ಪತ್ರಿಕೆಯವರಿಗೆ ಹೇಳಿಬಿಟ್ಟರು. ಅಯ್ಯೋ ಪುಣ್ಯಾತ್ಮ. ನಮ್ಮಪ್ಪ ಇದ್ದ ಕಾಲದಿಂದ ನಮ್ಮ ಮನೆಯಲ್ಲಿ ‘ನೋಡೋಣ’ ಎಂದರೆ ‘ಇಲ್ಲ’ ಎಂದೇ ಅರ್ಥ. ಸೈಕಲ್ ಕೊಡಿಸಪ್ಪ ಎಂದರೆ ನೋಡೋಣ, ಊರಿಗೆ ಕರೆದುಕೊಂಡು ಹೋಗಪ್ಪ ಎಂದರೆ ನೋಡೋಣ. ಅಪ್ಪನ ಕೈಕೆಳಗೆ ಪಳಗಿದ ನನ್ನ ಗಂಡನಿಗೂ ಆ ರೋಗ ಅಂಟಿತ್ತು. ಮಾರನೇ ದಿನ ಪತ್ರಿಕೆ ಓದಿ ಅಣ್ಣ, ಸಂಘದವರು ಮೆತ್ತಗಾಗಿದ್ದಾರೆ, ಇನ್ನು ಸ್ವಲ್ಪ ಬಿಗಿ ಹಿಡಿದರೆ ಸಾಕು ಎಂದ. ಅದೇ ಪತ್ರಿಕೆ ಓದಿ ನನ್ನ ಗಂಡ, ಮ್ಯಾನೇಜರ್ರು ಮೆತ್ತಗಾಗಿದ್ದಾರೆ ಎಂದು ಟೆಂಟಿನಲ್ಲಿ ಸಿಹಿ ಹಂಚಿದ. ಕೆಮ್ಮಲು ಬಾಯಿ ತೆರೆದಿದ್ದ ಇಬ್ಬರೂ ಬಾಯಿ ಮುಚ್ಚಿಕೊಂಡರು.

ಸಾಹೇಬರಿಗೂ ತಾವು ಎಡವಿದ್ದು ಗೊತ್ತಾಗಿರಬೇಕು. ದೊಡ್ಡದು ಬೇಡ, ಚಿಕ್ಕದರಿಂದ ಶುರು ಮಾಡೋಣ ಎಂದು ಹೊಸ ದಾರಿ ಹಿಡಿದರು. ಕುಲುಮೆ ಸತ್ತರೆ ಇಬ್ಬರಿಗೂ ನಷ್ಟವಲ್ಲವೇ, ಟ್ಯಾಂಕರ್ ಒಂದನ್ನು ಮಾತ್ರ ಒಳಗೆ ಬಿಡಿ, ನಾನೇ ಮುಂದೆ ನಿಂತು ಕರೆತರುತ್ತೇನೆ ಎಂದರು. ಅದಕ್ಕೆ ಇಬ್ಬರೂ ಒಪ್ಪಿದರು. ಚೀಲ ಕಂಕುಳಲ್ಲಿಟ್ಟುಕೊಂಡು ಸಾಹೇಬರು ಮುಂದೆ, ಹಿಂದೆ ಆಮೆಯ ಹಾಗೆ ಟ್ಯಾಂಕರ್. ಸಂಘದವರು ಎದ್ದು ದಾರಿ ಬಿಟ್ಟರು, ಕೆಲವರು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಮುಳ್ಳು ಹಸಿರಿನಲ್ಲೇ ನಿಂತಿತು, ನನಗೆ ಹೋದ ಜೀವ ಬಂದಂತಾಯಿತು.

ಎಡವಟ್ಟಾದದ್ದು ಆಮೇಲೆ. ವಾರವಾರವೂ ಟ್ಯಾಂಕರ್ ಬರತೊಡಗಿತು. ಎಣ್ಣೆಯ ಭಯ ಹೋಯಿತು, ಜೊತೆಗೆ ಅವಸರವೂ ಹೋಯಿತು. ಗೇಟಿನ ಟೆಂಟಿಗೆ ಬಟ್ಟೆಯ ಬದಲು ತಗಡು ಬಂತು, ತಗಡಿನ ಕೆಳಗೆ ಕೇರಂ ಬೋರ್ಡು ಬಂತು. ಆಫೀಸಿನಲ್ಲಿ ಅಣ್ಣ ಕಿಟಕಿಗೆ ಹೊಸ ಪರದೆ ಹಾಕಿಸಿದ. ಯುದ್ಧಕ್ಕೆಂದು ಎದ್ದವರು ಸಂಸಾರ ಹೂಡಿದರು. ಸಾಹೇಬರು ದಿನಾ ಬೆಳಿಗ್ಗೆ ಇವನ ಹತ್ತಿರ, ಸಂಜೆ ಅವನ ಹತ್ತಿರ ಹೋಗಿಬಂದು ಸಣ್ಣ ಪ್ರಗತಿಯಾಗಿದೆ ಎನ್ನುತ್ತಿದ್ದರು. ನಾನು ಇಡೀ ದಿನ ಹಸಿರಿನಲ್ಲಿ ನಿಂತ ಮುಳ್ಳನ್ನು ನೋಡುತ್ತ ಕೂರುತ್ತಿದ್ದೆ. ಒಂದು ಬಾಟಲಿಯೂ ತಯಾರಾಗದ ಕಾರ್ಖಾನೆಯಲ್ಲಿ ಸುಮ್ಮನೆ ಉರಿಯುವ ಕುಲುಮೆ ಕಾಯುವುದೆಂದರೆ ಹುಚ್ಚು ಹಿಡಿಸುವ ಕೆಲಸ. ಕಾಯುವವರಲ್ಲಿ ಒಬ್ಬ ಬೇರೆ ಊರಲ್ಲಿ ಕೆಲಸ ಹುಡುಕಿಕೊಂಡು ಹೋದ, ಅವನ ಪಾಳಿಯೂ ನನ್ನ ತಲೆಗೆ ಬಂತು. ಮನೆಗೆ ಬಂದರೆ ಉಂಡದ್ದು ನೆನಪಿರುತ್ತಿರಲಿಲ್ಲ. ಕೂತರೆ ಏಳಬೇಕು ಅನಿಸುತ್ತಿತ್ತು, ಎದ್ದರೆ ಎಲ್ಲಿ ಹೋಗಬೇಕೆಂದು ತಿಳಿಯುತ್ತಿರಲಿಲ್ಲ. ಗಂಡ ಮಾತಾಡಿದರೂ ಸಿಟ್ಟು, ಸುಮ್ಮನಿದ್ದರೂ ಸಿಟ್ಟು.

ಒಂದು ದಿನ ಅಮ್ಮ ಮೆಟ್ಟಿಲು ಹತ್ತಲಿಲ್ಲ.

ಮಂಡಿ ನೋವು, ಆಗಲ್ಲ, ಬೇಕಾದವರು ಬಂದು ಉಣ್ಣಲಿ ಎಂದು ಹೇಳಿ ಮಂಚದ ಮೇಲೆ ಕಾಲು ಚಾಚಿ ಕೂತಳು. ಅಣ್ಣ ಮೇಲೆ ಕಾದ. ಕೆಳಗೆ ನನ್ನ ಗಂಡ, ತಾನೇ ಕೊಟ್ಟು ಬರಲಾ ಎನ್ನುವಂತೆ ನನ್ನ ಮುಖ ನೋಡಿದ, ಆಮೇಲೆ ಅವನೇ ಮುಖ ತಿರುಗಿಸಿದ. ಮಾರನೇ ದಿನವೂ ಅಮ್ಮ ಏಳಲಿಲ್ಲ. ಸಂಜೆ ಮೆಟ್ಟಿಲ ಮೇಲೆ ಅಣ್ಣನ ಚಪ್ಪಲಿಯ ಸದ್ದು ಕೇಳಿತು. ಒಳಗೆ ಬಂದ, ಯಾರನ್ನೂ ನೋಡದೆ ತಟ್ಟೆ ಎತ್ತಿಕೊಂಡ, ಅಡುಗೆಮನೆಯ ಬಾಗಿಲಲ್ಲಿ ನಿಂತೇ ಉಂಡ. ಎದುರಿಗೆ ನನ್ನ ಗಂಡ ಕೂತು ಉಣ್ಣುತ್ತಿದ್ದ. ಒಂದು ಮಾತಿಲ್ಲ. ಆದರೆ ನನ್ನ ಗಂಡ ಉಪ್ಪಿನ ಡಬ್ಬಿಯನ್ನು ಸ್ವಲ್ಪವೇ ಸ್ವಲ್ಪ ಆ ಕಡೆಗೆ ಸರಿಸಿದ. ಅಣ್ಣ ಹಾಕಿಕೊಂಡ.

ನನ್ನ ತಲೆಯಲ್ಲಿ ಝಗ್ಗೆಂದು ದೀಪ ಹತ್ತಿತು. ಎಂಥ ಮುದುಕಿ ಇವಳು ಎಂದುಕೊಂಡೆ. ಅಮ್ಮ ಬುತ್ತಿ ಹೊರುವ ತನಕ ಅಣ್ಣನಿಗೆ ನಮ್ಮ ಮನೆಗೆ ಇಳಿದು ಬರುವ ಗರಜೇ ಇರಲಿಲ್ಲ. ಹೊರುವುದು ನಿಲ್ಲಿಸಿದಳು, ಇಳಿದು ಬಂದ. ಸಾಹೇಬರು ಮಾಡುತ್ತಿದ್ದದ್ದೂ ಇದನ್ನೇ ಅಲ್ಲವೇ? ಇವನ ಮಾತು ಅವನಿಗೆ, ಅವನ ಮಾತು ಇವನಿಗೆ, ಮೇಲಿಂದ ವಾರಕ್ಕೊಂದು ಟ್ಯಾಂಕರ್. ಹಣ್ಣಾಗಲಿ ಎನ್ನುತ್ತ ಬಿಸಿಲು ಬೀಳದ ಹಾಗೆ ನೆರಳು ಹಿಡಿದು ನಿಂತಿದ್ದವರು ಅವರೇ.

ಮಾರನೇ ದಿನ ಪಾಳಿಗೆ ಹೋಗುವ ಮುಂಚೆ ಅವರ ಕೋಣೆಗೆ ಹೋದೆ. ಕ್ಯಾಂಟೀನಿನ ಪಕ್ಕದ ಸಾಮಾನಿನ ಕೋಣೆಯನ್ನು ಅವರಿಗೆ ಕೊಟ್ಟಿದ್ದರು. ಒಂದು ಮೇಜು, ಒಂದು ಫ್ಯಾನು, ಗೋಡೆಗೆ ಒರಗಿಸಿದ ಮುರುಕು ಕುರ್ಚಿಗಳು. ನಾನು ಕೂರದೆ ನಿಂತುಕೊಂಡೇ ಅಮ್ಮನ ಮಂಡಿಯ ಕಥೆ ಪೂರ್ತಿ ಹೇಳಿದೆ. ಉಪ್ಪಿನ ಡಬ್ಬಿಯನ್ನೂ ಬಿಡಲಿಲ್ಲ. ಕೊನೆಗೆ ಹೇಳಿದೆ:

“ನಿಮಗೂ ಮಂಡಿ ನೋವು ಬರಬೇಕು ಸಾಹೇಬ್ರೆ.”

ಅವರಿಗೆ ಅರ್ಥವಾಯಿತು. ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. ಹತ್ತಿರದಿಂದ ನೋಡಿದರೆ ಅವರ ಅಂಗಿಯ ಕಾಲರು ಸವೆದುಹೋಗಿತ್ತು, ಎಷ್ಟು ದಿನದಿಂದ ಮನೆಗೆ ಹೋಗಿಲ್ಲವೋ ಏನೋ.

“ಹಿಂದೆ ಒಂದು ಕಡೆ ಹಾಗೇ ಎದ್ದು ಬಂದಿದ್ದೆ ಕಣಮ್ಮ. ನಾನು ಹೋದ್ರೆ ಅವರೇ ಕೂತು ಮಾತಾಡ್ತಾರೆ ಅಂದ್ಕೊಂಡೆ. ಮಾತಾಡ್ಲಿಲ್ಲ, ನನ್ನನ್ನ ವಾಪಸ್ಸೂ ಕರೀಲಿಲ್ಲ. ಆ ಜಾಗದಲ್ಲಿ ಈಗ ಹುಲ್ಲು ಬೆಳೆದಿದೆ. ನಾನಿಲ್ಲಿ ಕೂತಿದ್ರೆ ಜಗಳ ಉದ್ದ ಆಗತ್ತೆ ಅನ್ನೋದು ನನಗೂ ಗೊತ್ತು. ಆದ್ರೆ ಎದ್ದು ಹೋದ್ರೆ ಏನಾಗತ್ತೆ ಅನ್ನೋದು ಯಾರಿಗೂ ಗೊತ್ತಿಲ್ಲ. ಕುಲುಮೆ ಹೋದ್ರೆ?”

ಹೋದರೆ ನನ್ನ ಮನೆಯೂ ಅದರ ಜೊತೆಗೇ ಹೋಗುತ್ತದೆ, ಅದಕ್ಕೇ ನಾನು ಕೇಳುತ್ತಿರುವುದು, ನಿಮ್ಮ ಮನೆಯಲ್ಲವಲ್ಲ ಎಂದೆ. ಸ್ವಲ್ಪ ಜೋರಾಗಿಯೇ ಎಂದೆ. ಅವರು ಚೀಲದ ಬಕಲನ್ನು ತೆಗೆದರು, ಹಾಕಿದರು.

“ನೋಡೋಣ,” ಎಂದರು.

ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಕಾಲು ಅಪ್ಪಳಿಸಿಕೊಂಡು ಕಂಟ್ರೋಲ್ ರೂಮಿಗೆ ಹೋಗಿ ಕೂತೆ. ಜಗತ್ತಿನ ಗಂಡಸರೆಲ್ಲ ನಮ್ಮಪ್ಪನ ಬಳಿಯೇ ತರಬೇತಿ ಪಡೆದಿದ್ದಾರೆಯೇ ಎಂದು ಸಿಟ್ಟು ಬಂತು. ಇಷ್ಟು ದಿನ ಅವರು ನಮ್ಮವರ ‘ನೋಡೋಣ’ವನ್ನು ತಪ್ಪು ತಿಳಿದಿದ್ದರು, ಈಗ ಅವರ ‘ನೋಡೋಣ’ವನ್ನು ನಾನು ತಪ್ಪು ತಿಳಿದೆ. ಎರಡು ದಿನ ಕಳೆದು ಹೋಗಿ ನೋಡಿದರೆ ಸಾಮಾನಿನ ಕೋಣೆಯಲ್ಲಿ ಫ್ಯಾನು ನಿಂತಿತ್ತು, ಮೇಜು ಖಾಲಿ. ನನ್ನ ಕೈಲಿ ಇನ್ನು ಆಗುವುದಿಲ್ಲ, ಯಾವಾಗ ಬರುತ್ತೇನೋ ಹೇಳಲಾರೆ ಎಂದು ಕಾವಲಿನವನಿಗೆ ಹೇಳಿ ಹೊರಟುಹೋಗಿದ್ದರು.

ಆ ವಾರ ಟ್ಯಾಂಕರ್ ಬಂತು, ಗೇಟಿನ ಎದುರು ನಿಂತಿತು. ಮುಂದೆ ನಿಂತು ಕರೆತರುವವರಿಲ್ಲ. ಕಂಪನಿಯ ಟ್ಯಾಂಕರಿಗೆ ನಾವು ಯಾಕೆ ದಾರಿ ಬಿಡಬೇಕು ಎಂದರು ಸಂಘದವರು. ಅವರ ಹತ್ತಿರ ನಾನ್ಯಾಕೆ ಬೇಡಬೇಕು ಎಂದ ಅಣ್ಣ. ಚಾಲಕ ಸ್ವಲ್ಪ ಹೊತ್ತು ಹಾರ್ನ್ ಹೊಡೆದು, ಬೈದು, ಗಾಡಿ ತಿರುಗಿಸಿಕೊಂಡು ಹೋದ. ತೊಟ್ಟಿ ಇಳಿಯಿತು. ಬರ್ನರ್‌ಗಳನ್ನು ಸಣ್ಣಗೆ ಮಾಡುತ್ತ ಹೋದೆವು. ಮುಳ್ಳು ಹಸಿರು ಬಿಟ್ಟು ಹಳದಿಗೆ ಬಂತು. ಅದು ಇಳಿಯುವುದು ಕಣ್ಣಿಗೆ ಕಾಣುವುದಿಲ್ಲ. ಆ ಕಡೆ ಈ ಕಡೆ ತಿರುಗಾಡಿ ಬಂದು ನೋಡಿದರೆ ಇಳಿದಿರುತ್ತದೆ.

ನನಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಸಾಹೇಬರನ್ನು ಕಳಿಸಿದ್ದು ನಾನು ಎಂಬುದು ಯಾರಿಗೂ ಗೊತ್ತಿರಲಿಲ್ಲ. ಗಾಜಿನ ಕಿಂಡಿಯಿಂದ ಒಳಗೆ ನೋಡಿದರೆ ಬಿಳಿಯಾಗಿ ಉರಿಯುತ್ತಿದ್ದವಳು ಕಿತ್ತಳೆಗೆ ತಿರುಗಿದ್ದಳು. ಸತ್ತರೆ ಕೊಂದವಳು ನಾನೇ. ದಾರಿಯಲ್ಲಿ ಸಿಕ್ಕವರೆಲ್ಲ ಅಜ್ಜಿ ಹೇಗಿದ್ದಾಳೆ ಎಂದು ಕೇಳುವಾಗ ಮೊದಲಿನ ದನಿ ಇರಲಿಲ್ಲ, ಪಿಸುಮಾತಿನಲ್ಲಿ ಕೇಳುತ್ತಿದ್ದರು. ಟೆಂಟಿನಲ್ಲಿ ಕೇರಂ ಬೋರ್ಡು ಗೋಡೆಗೆ ಒರಗಿ ನಿಂತಿತ್ತು. ಸಂಜೆ ಮನೆಗೆ ಬಂದರೆ ಅಮ್ಮ ಅದೇ ಮಂಚ, ಅದೇ ಹೊದಿಕೆ. ನಾನು ಅವಳಿಗೆ ಕಣ್ಣು ಮಿಟುಕಿಸಿ, “ಭಲೇ ಅಮ್ಮ, ಚೆನ್ನಾಗಿ ಕಲ್ಸಿದೆ ನೀನು. ಇನ್ನೂ ನಾಲ್ಕು ದಿನ ನಾಟಕ ಮುಂದುವರ್ಸು” ಎಂದೆ. ಅವಳು ನನ್ನನ್ನೇ ಒಂದು ಕ್ಷಣ ನೋಡಿದಳು. ಗೋಡೆಯ ಕಡೆ ತಿರುಗಿ ಮಲಗಿದಳು. ಪಕ್ಕಾ ಕಲಾವಿದೆ ಎಂದು ಮೆಚ್ಚಿಕೊಂಡು ನಾನು ಉಣ್ಣಲು ಹೋದೆ.

ಮುಳ್ಳು ಕೆಂಪಿಗೆ ಮುಟ್ಟಿದ ದಿನ ಮಧ್ಯಾಹ್ನ, ಕಂಟ್ರೋಲ್ ರೂಮಿನ ಬಾಗಿಲು ತೆರೆದು ಅಣ್ಣ ಬಂದ. ಅವನ ಹಿಂದೆಯೇ ನನ್ನ ಗಂಡ. ಮುಷ್ಕರ ಶುರುವಾದಾಗಿನಿಂದ ಗೇಟು ದಾಟದವನು ಅಂದು ಒಳಗೆ ಬಂದಿದ್ದ. ಮುಳ್ಳಿನ ವಿಷಯದಲ್ಲಿ ಎದುರಿನವರು ಸುಳ್ಳು ಹೇಳುತ್ತಿದ್ದಾರೆಂದು ಎರಡೂ ಕಡೆ ಗುಮಾನಿಯಿತ್ತು, ಹಾಗಾಗಿ ಕಣ್ಣಾರೆ ನೋಡಲು ಬಂದಿದ್ದರು. ಕಿಟಕಿಯ ಆಚೆ ಸಂಘದ ಕೆಲವರು, ಆಫೀಸಿನ ಕೆಲವರು ಮೂಗು ಗಾಜಿಗೆ ಒತ್ತಿಕೊಂಡು ನಿಂತಿದ್ದರು. ಇಬ್ಬರೂ ಮೀಟರನ್ನು ನೋಡಿದರು. ಆಮೇಲೆ ನನ್ನ ಗಂಡ ನನ್ನ ಕಡೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ ಗಂಟಲು ಸರಿಮಾಡಿಕೊಂಡು, “ಮ್ಯಾನೇಜರ್ರಿಗೆ ಹೇಳು...” ಎಂದು ಶುರುಮಾಡಿದ. ಅಣ್ಣನೂ ಅದೇ ಹೊತ್ತಿಗೆ, “ಕಾರ್ಯದರ್ಶಿಗಳಿಗೆ ಹೇಳು...” ಎಂದ.

ಎರಡು ಪಾಸನ್ನೂ ಕುತ್ತಿಗೆಯಿಂದ ತೆಗೆದು ಮೇಜಿನ ಮೇಲೆ ಬಿಸಾಕಿದೆ.

“ನನಗೂ ಮಂಡಿ ನೋವು,” ಎಂದೆ.

ಇಬ್ಬರೂ ಬೆಚ್ಚಿ ನನ್ನನ್ನು ನೋಡಿದರು. ಆಮೇಲೆ ಒಬ್ಬರನ್ನೊಬ್ಬರು ನೋಡಿಕೊಂಡರು. ನನ್ನ ಗಂಡನ ಮುಖ ಬಿಳಿಚಿಕೊಂಡಿತ್ತು, ಅಣ್ಣ ತುಟಿ ಕಚ್ಚಿಕೊಂಡಿದ್ದ. ಮಾತು ನಾಟಿತು, ನಾಚಿಕೆಯಾಯಿತು ಎಂದು ನಾನು ಒಳಗೇ ಬೀಗಿದೆ.

“ಭಾವ,” ಎಂದ ನನ್ನ ಗಂಡ. “ಎಡಗಡೆ ಬರ್ನರ್ ಎಲ್ಲಾ ಆರ್ಸಿಬಿಡಿ. ಇರೋ ಎಣ್ಣೆನ ಬಲಗಡೆಗೆ ಕೊಟ್ರೆ ಅರ್ಧ ಆದ್ರೂ ಉಳೀತಾಳೆ. ಟ್ಯಾಂಕರ್‌ಗೆ ಫೋನ್ ಮಾಡಿ. ಗೇಟಲ್ಲಿ ನಾನು ನಿಂತ್ಕೋತೀನಿ.”

“ಎಡಗಡೆ ಹೋಗತ್ತೆ, ಭಾವ.”

“ಹೋಗ್ಲಿ.”

ಅಣ್ಣ ತಲೆಯಾಡಿಸಿದ. ಎಡಗಡೆಯ ವಾಲ್ವುಗಳನ್ನು ನಾನೇ ಒಂದೊಂದಾಗಿ ತಿರುಗಿಸಿ ಮುಚ್ಚಿದೆ. ಸಂಜೆಯೊಳಗೆ ಟ್ಯಾಂಕರ್ ಬಂತು. ನನ್ನ ಗಂಡ ಅದರ ಮೆಟ್ಟಿಲ ಮೇಲೆ ನಿಂತು ಒಳಗೆ ಬಂದ, ಗೇಟು ತೆಗೆದವನು ಅಣ್ಣ. ಮಾರನೇ ದಿನ ಎಡಗಡೆಯ ಇಟ್ಟಿಗೆ ಸೀಳುವ ಸದ್ದು ಕಾರ್ಖಾನೆಯ ತುಂಬ ಕೇಳಿಸಿತು. ಬಲಗಡೆ ಉಳಿಯಿತು. ಅಜ್ಜಿಗೆ ಲಕ್ವ ಹೊಡೆದು ಒಂದು ಪಕ್ಕ ಹೋಯಿತು ಎಂದು ನಮ್ಮವರು ಈಗಲೂ ಹೇಳುತ್ತಾರೆ. ಒಂದು ಬಾಟಲಿ ಯಂತ್ರ ಶಾಶ್ವತವಾಗಿ ನಿಂತಿತು, ಅದರ ಮೇಲಿದ್ದವರಿಗೆ ಪಾಳಿ ಕಡಿಮೆಯಾಯಿತು. ಅವರಲ್ಲಿ ಯಾರಾದರೂ ಎದುರು ಬಂದರೆ ನನಗೆ ಮುಖ ಎತ್ತಲಾಗುವುದಿಲ್ಲ.

ಆ ವಾರವೇ ಕ್ಯಾಂಟೀನಿನ ಮೇಜಿನಲ್ಲಿ ಕೂತು ಮಾತಾಡಿದರು. ತಂಪಿನ ಹೊತ್ತು ಪೂರ್ತಿ ಅಲ್ಲದಿದ್ದರೂ ಬಹುಪಾಲು ವಾಪಸ್ಸು ಬಂತು. ಸಹಿಯ ದಿನ ಹಣ್ಣು ಸಾಹೇಬರನ್ನು ಕರೆಸಿ ನಡುವೆ ಕೂರಿಸಿ ಫೋಟೊ ತೆಗೆದರು. ತಾಳ್ಮೆ ಫಲ ಕೊಟ್ಟಿತು ಎಂದರು ಸಾಹೇಬರು. ನಮ್ಮ ಬಿಗಿಪಟ್ಟು ಫಲ ಕೊಟ್ಟಿತು ಎಂದರು ಸಂಘದವರು. ತಮ್ಮ ಬಿಗಿಪಟ್ಟು ಎಂದರು ಫೋನಿನಲ್ಲಿ ಯಜಮಾನರು. ನಾನು ಹಿಂದಿನ ಸಾಲಿನಲ್ಲಿ ನಿಂತು ನಗುತ್ತಿದ್ದೆ. ಯಾರಿಂದ ಆಯಿತು ಅನ್ನುವುದು ಇಬ್ಬರಿಗೆ ಮಾತ್ರ ಗೊತ್ತು, ನನಗೆ ಮತ್ತು ಮನೆಯಲ್ಲಿ ಕಾಲು ಚಾಚಿ ಮಲಗಿರುವ ನನ್ನ ಗುರುವಿಗೆ ಎಂದುಕೊಂಡೆ.

ಓಡಿ ಮನೆಗೆ ಬಂದೆ. ಅಮ್ಮ ಮಂಚದ ಮೇಲಿದ್ದಳು. ಎಲ್ಲ ಮುಗಿಯಿತಮ್ಮ, ಸಹಿ ಆಯಿತು, ನಾಟಕ ಸಾಕು, ಏಳು ಎಂದು ಹೊದಿಕೆ ಎಳೆದೆ.

ಅವಳ ಮಂಡಿ ಊದಿ ತೊಡೆಯ ಗಾತ್ರವಾಗಿತ್ತು. ಚರ್ಮ ಬಿಗಿದು ಹೊಳೆಯುತ್ತಿತ್ತು. ಸುತ್ತ ಒಂದು ಪಟ್ಟಿ, ಪಟ್ಟಿಯ ಮೇಲೆ ಆಸ್ಪತ್ರೆಯಲ್ಲಿ ಹಚ್ಚುವ ಅಂಟುಪಟ್ಟಿ.

ಯಾವಾಗ ಹೋಗಿದ್ದೆ ಆಸ್ಪತ್ರೆಗೆ ಎಂದು ಕೇಳಿದೆ. ನಿನ್ನ ಮುಳ್ಳು ಕೆಂಪಿಗೆ ಮುಟ್ಟುವ ಹಿಂದಿನ ದಿನ, ನೀನು ಪಾಳಿಗೆ ಹೋಗಿದ್ದಾಗ ಎಂದಳು. ನೋವು ತಡೆಯಲಾರದೆ ಕೂಗಿಕೊಂಡಳಂತೆ. ಗಂಡ ಹೊರಗಿಂದ, ಅಣ್ಣ ಮೇಲಿಂದ, ಇಬ್ಬರೂ ಓಡಿ ಬಂದರಂತೆ. ಅವರಿಬ್ಬರಿಗೆ ಮೊದಲೇ ಗೊತ್ತಿತ್ತು. ಅಣ್ಣ ಇಳಿದು ಬರುತ್ತಿದ್ದದ್ದು ಬರೀ ಊಟಕ್ಕಲ್ಲ, ಬಂದಾಗೆಲ್ಲ ಮಂಡಿ ನೋಡಿ ಹೋಗುತ್ತಿದ್ದನಂತೆ. ನನ್ನ ಗಂಡ ಬೆಳಿಗ್ಗೆ ನೀರು ಕಾಯಿಸಿ ಶಾಖ ಕೊಡುತ್ತಿದ್ದನಂತೆ. ಅಮ್ಮನನ್ನು ಕುರ್ಚಿಸಮೇತ ಎತ್ತಿ ಸಂಘದ ವ್ಯಾನಿನಲ್ಲಿ ಹಾಕಿದ್ದರು. ಮ್ಯಾನೇಜರ್ ಸಂಘದ ವ್ಯಾನಿನಲ್ಲಿ ಕಂಡರೆ ಗತಿಯೇನು ಎಂದು ಅಣ್ಣ ಕೆಳಗೆ ಮಲಗಿ ಬ್ಯಾನರ್ ಹೊದ್ದುಕೊಂಡಿದ್ದ.

“ಏನು ಬರೆದಿತ್ತು ಗೊತ್ತಾ ಅದರ ಮೇಲೆ? ಮ್ಯಾನೇಜರ್‌ಗೆ ಧಿಕ್ಕಾರ ಅಂತ. ಆ ನೋವಲ್ಲೂ ನನಗೆ ನಗು ಬಂತು.” ಅಮ್ಮ ಈಗಲೂ ನಕ್ಕಳು, ಆಮೇಲೆ ನೋವಿಗೆ ಮುಖ ಕಿವುಚಿದಳು. “ದಾರಿಯುದ್ದಕ್ಕೂ ಮುಷ್ಕರದ ಮಾತೇ ಆಡ್ಲಿಲ್ಲ ಇಬ್ರೂ. ಆ ಕಡೆ ಹಿಡಿ ಭಾವ, ಈ ಕಡೆ ಹಿಡಿ ಭಾವ, ಅಷ್ಟೆ. ನಿನಗೆ ಹೇಳ್ಬೇಡಿ ಅಂತ ನಾನೇ ಅಂದೆ.”

ಯಾಕಮ್ಮ ಎಂದೆ.

“ನಿನ್ನ ತಲೇಲಿ ಒಂದೇ ಅಜ್ಜಿಗೆ ಜಾಗ ಇತ್ತು.”

ಕಂಟ್ರೋಲ್ ರೂಮಿನಲ್ಲಿ ನಾನು ಮಂಡಿ ನೋವು ಎಂದಾಗ ಅವರಿಬ್ಬರೂ ಯಾಕೆ ಹಾಗೆ ಬೆಚ್ಚಿದರು ಎಂಬುದು ಈಗ ತಿಳಿಯಿತು. ನನಗೆ ವಿಷಯ ಗೊತ್ತಾಗಿದೆ ಎಂದುಕೊಂಡಿದ್ದರು. ನಾನು ಅದನ್ನು ನನ್ನ ಜಾಣತನ ಎಂದುಕೊಂಡಿದ್ದೆ. ಇಷ್ಟು ದಿನ ಈ ಮಂಚದ ಪಕ್ಕದಲ್ಲೇ ಓಡಾಡಿ, ಕಣ್ಣು ಮಿಟುಕಿಸಿ, ಭಲೇ ಎಂದು ಹೇಳಿ, ಒಂದೇ ಒಂದು ಸಲ ಹೊದಿಕೆ ಎತ್ತಿ ನೋಡಿರಲಿಲ್ಲ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಮಂಡಿಯ ಮೇಲೆ ಮೆಲ್ಲಗೆ ಕೈಯಿಟ್ಟೆ. ಕಾವು ನೋಡುವುದು ನನ್ನ ಕೆಲಸ. ಸುಡುತ್ತಿತ್ತು.

ಡಾಕ್ಟರು ಮತ್ತೆ ಬರಲು ಹೇಳಿದ್ದಾರಾ ಎಂದು ಕೇಳಿದೆ. ಹೇಳಿದ್ದಾರೆ, ನೀರು ತೆಗೆಯಬೇಕಂತೆ, ಈ ಗಲಾಟೆ ಎಲ್ಲ ಮುಗಿಯಲಿ ಎಂದು ಸುಮ್ಮನಿದ್ದೆ ಎಂದಳು.

“ಈಗಲೇ ಹೋಗೋಣ ಅಮ್ಮ.”

“ನೋಡೋಣ.”

ನಮ್ಮ ಮನೆಯಲ್ಲಿ ಅದರ ಅರ್ಥ ಏನೆಂದು ನನಗೆ ಚೆನ್ನಾಗಿ ಗೊತ್ತು. ಬಾಗಿಲಿಗೆ ಹೋಗಿ ಬೀದಿಯ ಕಡೆ ಮುಖ ಮಾಡಿ, ಸಹಿ ಮುಗಿಸಿ ಬರುತ್ತಿದ್ದ ಅಣ್ಣನನ್ನೂ ಗಂಡನನ್ನೂ ಒಟ್ಟಿಗೇ ಕೂಗಿದೆ. ಆಮೇಲೆ ಒಳಗೆ ಬಂದು ಅಮ್ಮನ ಚಪ್ಪಲಿ ಹುಡುಕಿ ಮಂಚದ ಪಕ್ಕ ಇಟ್ಟೆ.